ತರಗತಿ ಗ್ರೂಪಿನಲ್ಲಿ ಮಕ್ಕಳು ಮಕ್ಕಳ ಜೊತೆ ಮಾತಾಡಬೇಕು, ನೀವೆಲ್ಲ ಹೇಗೆ ಮಾಡುತ್ತಿದ್ದೀರಿ?

ಬೇಲೂರು ಸಮಾಜ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಬೇಲೂರು ತಾಲ್ಲೂಕಿನ ಹೈಸ್ಕೂಲ್ ಒಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಕೊರೊನಾ ಕಾಲದಲ್ಲಿ ಶುರುವಾದ ವಾಟ್ಸಾಪ್ ಗ್ರೂಪ್ ಪದ್ಧತಿ ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಒಂಬತ್ತನೇ ತರಗತಿಗೆ ಒಂದು ಗ್ರೂಪ್ ಇದೆ. ನಾನು ಮನೆಕೆಲಸ ಹಾಕುತ್ತೇನೆ. ಸಾಲಾಗಿ 'ಓಕೆ ಸರ್' ಬರುತ್ತದೆ. ಆಮೇಲೆ ಕೈ ಮುಗಿಯುವ ಚಿತ್ರ. ಅಲ್ಲಿಗೆ ಮುಗಿಯಿತು. ಒಂದು ಮಗು ಇನ್ನೊಂದು ಮಗುವಿಗೆ ಪಾಠದ ಬಗ್ಗೆ ಒಂದು ಮಾತು ಬರೆದದ್ದು ನಾನು ನೋಡಿಯೇ ಇಲ್ಲ.

ಕ್ಲಾಸಿನಲ್ಲೂ ಹೆಚ್ಚುಕಮ್ಮಿ ಹೀಗೇ. ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ನಾಲ್ಕೈದು ಜನ ಬಾಯಿ ಬಿಡುತ್ತಾರೆ. ಉಳಿದವರು ತಲೆ ತಗ್ಗಿಸುತ್ತಾರೆ. ಆದರೆ ಇದೇ ಮಕ್ಕಳು ಸಂಜೆ ಬಸ್ಸಿಗೆ ಕಾಯುವಾಗ ಆನೆ ಎಲ್ಲಿಗೆ ಬಂತು, ಯಾರ ತೋಟಕ್ಕೆ ನುಗ್ಗಿತು ಅಂತ ಎಷ್ಟು ಸೊಗಸಾಗಿ ಮಾತಾಡುತ್ತಾರೆ ಗೊತ್ತಾ? ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿದ್ದುತ್ತಾನೆ. ಮತ್ತೊಬ್ಬಳು ಅವರಪ್ಪನ ಫೋನಿಗೆ ಬಂದ ಫೋಟೋದಲ್ಲಿ ಮರಿ ಇತ್ತು ಅನ್ನುತ್ತಾಳೆ. ಕಾಡಾನೆ ಎರಡೋ ಮೂರೋ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ.

ಆ ತರಹದ ಮಾತು ಪಾಠದಲ್ಲೂ ಬರಬೇಕು ಅಂತ ನನ್ನ ಆಸೆ. ಯಾವ ಆಪ್ ಒಳ್ಳೆಯದು? ವಾಟ್ಸಾಪ್ ಸಾಕಾ, ಬೇರೆ ಏನಾದರೂ ಬೇಕಾ? ನಿಜವಾಗಿ ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

---

ಸಕಲೇಶಪುರ ವಿಜ್ಞಾನ

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಬಸ್ ಸ್ಟಾಪಿನಲ್ಲೇ ಇದೆ. ಆನೆ ವಿಷಯದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಂಗತಿ ಗೊತ್ತು. ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲ. ಅದಕ್ಕೇ ಮಾತು ಬರುತ್ತದೆ. 'ಹೊಯ್ಸಳರ ವಾಸ್ತುಶಿಲ್ಪದ ಲಕ್ಷಣಗಳನ್ನು ಬರೆಯಿರಿ' ಅಂತ ಕೇಳಿದರೆ ಉತ್ತರ ಎಲ್ಲರ ಪುಸ್ತಕದಲ್ಲೂ ಒಂದೇ. ಸ್ನೇಹಿತನಿಗೆ ಹೇಳುವುದಕ್ಕೆ ಏನು ಉಳಿಯಿತು? ಮೊದಲು ಪ್ರಶ್ನೆ ಬದಲಾಗಬೇಕು. ಆಪ್ ಆಮೇಲಿನ ಮಾತು.

ನಾನು ಮಾಡಿದ್ದು ಹೇಳುತ್ತೇನೆ. ನಮ್ಮ ಶಾಲೆಗೆ ಹೆತ್ತೂರು ಕಡೆಯಿಂದ, ಹಾನುಬಾಳು ಕಡೆಯಿಂದ, ಪೇಟೆ ಒಳಗಿಂದ ಮಕ್ಕಳು ಬರುತ್ತಾರೆ. ಜೂನಿನಲ್ಲಿ ಒಂದು ಗೂಗಲ್ ಶೀಟ್ ತೆರೆದೆ. ಎಡಗಡೆ ತಾರೀಕು, ಮೇಲ್ಗಡೆ ಊರಿನ ಹೆಸರು. ಪ್ರತಿ ಊರಿನ ಮಕ್ಕಳು ತಮ್ಮ ಊರಿನ ಮಳೆ ಬರೆಯಬೇಕು. ನಮ್ಮ ಕಡೆ ಕಾಫಿ ತೋಟಗಳಲ್ಲಿ ಮಳೆ ಮಾಪಕ ಇದ್ದೇ ಇರುತ್ತದೆ. ದಿನಾ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿರುವ ಮಕ್ಕಳಿಗೆ, ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿದರೆ ಅಂಕಿ ಸಿಗುತ್ತದೆ. ಉಳಿದವರು ಬಾಟಲಿ ಕತ್ತರಿಸಿ ಮಾಪಕ ಮಾಡಿಕೊಂಡರು. ಮನೆಯಲ್ಲಿ ಫೋನ್ ಇಲ್ಲದವರು ಲೆಕ್ಕ ಬರೆದುಕೊಂಡು ಬರುತ್ತಾರೆ. ಶಾಲೆಯ ಕಂಪ್ಯೂಟರಿನಲ್ಲಿ ತಾವೇ ತುಂಬುತ್ತಾರೆ.

ಮೊದಲು ಸುಮ್ನೆ ಅಂಕಿ ತುಂಬಿದರು. ಮಾತು ಶುರುವಾದದ್ದು ಒಂದು ತಪ್ಪಿನಿಂದ. ಒಬ್ಬ ಹುಡುಗ ತನ್ನ ಊರಿನ ಕಾಲಂನಲ್ಲಿ 85 ಇಂಚು ಅಂತ ಹಾಕಿದ್ದ. ಶೀಟಿನ ಆ ಚೌಕದ ಮೇಲೆ ಒಬ್ಬಳು ಕಾಮೆಂಟ್ ಬರೆದಳು: 'ಒಂದೇ ದಿನಕ್ಕೆ 85 ಇಂಚು ಬಂದಿದ್ರೆ ನಿಮ್ಮೂರು ಉಳೀತಿರ್ಲಿಲ್ಲ ಕಣೋ. ಅದು ಸೆಂಟ್ ಇರ್ಬೇಕು, ಕೇಳಿ ನೋಡು.' ತೋಟದವರು ಮಳೆಯನ್ನು ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು. 85 ಸೆಂಟ್ ಅಂದರೆ ಸುಮಾರು 22 ಮಿಲಿಮೀಟರ್. ಇದನ್ನು ನಾನು ಬೋರ್ಡಿನ ಮೇಲೆ ಬರೆಯಲಿಲ್ಲ. ಅವರೇ ಕೆಳಗೆ ಕೆಳಗೆ ಬರೆದುಕೊಂಡು ಹೋದರು. ಇಂಚನ್ನು ಮಿಲಿಮೀಟರಿಗೆ ತಿರುಗಿಸಲು 25.4ರಿಂದ ಗುಣಿಸಬೇಕು ಅಂತ ಇನ್ನೊಬ್ಬ ಸೂತ್ರ ಹಾಕಿಕೊಟ್ಟ. ಇಡೀ ಶೀಟ್ ಒಂದೇ ಅಳತೆಗೆ ಬಂತು.

ಆಮೇಲೆ ನಿಜವಾದ ಪ್ರಶ್ನೆ ಎದ್ದಿತು. ಪೇಟೆಗಿಂತ ಘಾಟಿ ಕಡೆ ಯಾಕೆ ಇಷ್ಟು ಜಾಸ್ತಿ? ಅದೇ ದಿನ ಆಲೂರಿನಲ್ಲಿ ಯಾಕೆ ಅಷ್ಟು ಕಮ್ಮಿ? ಪಾಠದಲ್ಲಿ ಇರುವ ಮಳೆ ನೆರಳಿನ ಪ್ರದೇಶ, ಅಂದರೆ ಬೆಟ್ಟದ ಆಚೆ ಮಳೆ ಕಮ್ಮಿ ಬೀಳುವ ಕಡೆ, ಅವರದೇ ಅಂಕಿಯಲ್ಲಿ ಕಾಣಿಸಿತು. ಒಬ್ಬರ ಕಾಲಂ ಮಾತ್ರ ಇದ್ದಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಎಲ್ಲರ ಅಂಕಿಯೂ ಬೇಕಾಗುವಂತೆ ಕೆಲಸ ಕೊಟ್ಟರೆ ಸಹಕಾರ ತಾನಾಗಿ ಬರುತ್ತದೆ.

---

ಬಿ.ಎಡ್. ಹಾಸನ

ನಾನು ಇನ್ನೂ ಓದುತ್ತಿದ್ದೇನೆ, ಪಾಠ ಮಾಡಿದ ಅನುಭವ ಕಡಿಮೆ. ಆದರೆ ಬೇಲೂರು ಸರ್ ಹೇಳಿದ 'ನಾಲ್ಕೈದು ಜನ ಮಾತ್ರ' ಅನ್ನುವುದಕ್ಕೆ ನಮ್ಮ ಪಠ್ಯದಲ್ಲಿ ಒಂದು ಕಾರಣ ಓದಿದ್ದೆ. ಮೇರಿ ಬಡ್ ರೋ ಅನ್ನುವವರು ಅಮೆರಿಕದ ವಿಜ್ಞಾನ ತರಗತಿಗಳಲ್ಲಿ ಇದನ್ನು ಗಮನಿಸಿ 1970ರ ದಶಕದಲ್ಲಿ ಬರೆದರು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರಂತೆ. ಮೂರು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಕಾದಾಗ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು, ಮಕ್ಕಳು ತಾವೇ ಪ್ರಶ್ನೆ ಕೇಳುವುದೂ ಹೆಚ್ಚಾಯಿತು.

ಫೋನಿನಲ್ಲಿ ಬರೆಯುವಾಗ ಆ ಕಾಯುವ ಹೊತ್ತು ಮೂರು ಸೆಕೆಂಡ್ ಅಲ್ಲ, ಒಂದು ಇಡೀ ಸಂಜೆ. ನನ್ನಂಥ ನಿಧಾನದವರಿಗೆ ಅದೇ ದೊಡ್ಡ ಉಪಕಾರ. ಹೈಸ್ಕೂಲಿನಲ್ಲಿ ನನಗೆ ಉತ್ತರ ಹೊಳೆಯುವ ಹೊತ್ತಿಗೆ ಮೇಡಂ ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದರು.

---

ಅರಸೀಕೆರೆ ಪೋಷಕ

ನಾನು ಶಿಕ್ಷಕ ಅಲ್ಲ, ತೆಂಗು ಬೆಳೆಯುವವನು. ಮಗಳು ಎಂಟನೇ ತರಗತಿ. ನಿಮ್ಮ ಮಾತೆಲ್ಲ ಚೆನ್ನಾಗಿದೆ. ಆದರೆ ಮನೆಯ ಕಡೆಯಿಂದಲೂ ಸ್ವಲ್ಪ ನೋಡಿ.

ನಮ್ಮ ಮನೆಯಲ್ಲಿ ಒಂದೇ ಫೋನ್. ಅದು ನನ್ನ ಜೇಬಿನಲ್ಲಿ ಇರುತ್ತದೆ. ನಾನು ಮನೆ ಸೇರುವುದು ರಾತ್ರಿ ಎಂಟಕ್ಕೆ. ಆಮೇಲೆ ಮಗಳು ಫೋನ್ ಹಿಡಿದು ಕೂತರೆ ಊಟ, ನಿದ್ದೆ ಎಲ್ಲಾ ಹಿಂದೆ ಬೀಳುತ್ತದೆ. ಅದಕ್ಕಿಂತ ದೊಡ್ಡದು ನಂಬರಿನ ವಿಷಯ. ಗ್ರೂಪಿಗೆ ಸೇರಿಸಿದ ಕೂಡಲೇ ಎಲ್ಲರಿಗೂ ನಂಬರ್ ಕಾಣುತ್ತದೆ. ಹೋದ ವರ್ಷ ಒಬ್ಬ ಹುಡುಗ ರಾತ್ರಿ ಹತ್ತೂವರೆಗೆ ಸುಮ್ಮಸುಮ್ಮನೆ ಮೆಸೇಜ್ ಹಾಕಲು ಶುರು ಮಾಡಿದ. ಹೇಳಿದ ಮೇಲೆ ನಿಂತಿತು, ಸರಿ. ಆದರೆ ಮಗಳು ಆಮೇಲೆ ಗ್ರೂಪ್ ಕಡೆ ತಿರುಗಿ ನೋಡಲಿಲ್ಲ. ಮಕ್ಕಳು ಮಾತಾಡಲಿ ಅನ್ನುವವರು ಇದನ್ನು ಮೊದಲು ಯೋಚನೆ ಮಾಡಬೇಕು ಅಲ್ವಾ?

---

ಲ್ಯಾಬ್ ಹಾಸನ

ಅರಸೀಕೆರೆಯವರು ಹೇಳಿದ್ದು ಸರಿ. ನಾನು ಶಾಲೆ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನನ್ನ ಮಟ್ಟಿಗೆ ವಾಟ್ಸಾಪ್ ಸುದ್ದಿ ತಲುಪಿಸುವುದಕ್ಕೆ ಒಳ್ಳೆಯದು, ಚರ್ಚೆಗೆ ಒಳ್ಳೆಯದಲ್ಲ. ಪೋಷಕರ ನಂಬರ್ ಇರುವ ಗ್ರೂಪ್ ಮಾಡಿ, ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಇಡಿ. ರಜೆ, ಪರೀಕ್ಷೆ, ಡಿಸಿ ಮಳೆ ರಜೆ ಕೊಟ್ಟರು ಅನ್ನುವ ಸುದ್ದಿ ಅಲ್ಲಿ ಹೋಗಲಿ. ಮಕ್ಕಳ ಮಾತಿಗೆ ಬೇರೆ ಜಾಗ ಇರಲಿ. ವಾಟ್ಸಾಪ್ ಕಂಪನಿಯೇ 13 ವರ್ಷ ತುಂಬದವರು ಬಳಸಬಾರದು ಅನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಆದ್ದರಿಂದ ಏನೇ ಶುರು ಮಾಡುವ ಮುಂಚೆ ಪೋಷಕರ ಸಭೆಯಲ್ಲಿ ಹೇಳಿ, ಒಪ್ಪಿಗೆ ಬರೆಸಿಕೊಳ್ಳಿ.

ಚರ್ಚೆಗೆ ಒಂದು ಸೆಟ್ಟಿಂಗ್ ಇದೆ, ಅದನ್ನು ತುಂಬಾ ಜನ ನೋಡುವುದೇ ಇಲ್ಲ. ಗೂಗಲ್ ಕ್ಲಾಸ್‌ರೂಮಿನಲ್ಲಿ 'ಪ್ರಶ್ನೆ' ಅಂತ ಒಂದು ಬಗೆ ಇದೆ. ಅದರಲ್ಲಿ ಮಕ್ಕಳು ಒಬ್ಬರಿಗೊಬ್ಬರು ಉತ್ತರ ಕೊಡಬಹುದು ಅನ್ನುವುದನ್ನು ಆನ್ ಮಾಡಿ. ಆಗ ಮಗು ಮೊದಲು ತನ್ನ ಉತ್ತರ ಬರೆಯಬೇಕು. ಬರೆದು ಕಳಿಸಿದ ಮೇಲೆ ಮಾತ್ರ ಉಳಿದವರ ಉತ್ತರ ಕಾಣುತ್ತದೆ. ಮೂಡಲ್ ಅನ್ನುವ ಉಚಿತ ತಂತ್ರಾಂಶದಲ್ಲೂ 'ಪ್ರಶ್ನೋತ್ತರ' ಬಗೆಯ ಚರ್ಚೆ ಹೀಗೇ ಇದೆ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ವಾಟ್ಸಾಪಿನಲ್ಲಿ ಮೊದಲು ಬರೆದ ಜಾಣನ ಉತ್ತರವನ್ನೇ ಇಡೀ ಕ್ಲಾಸ್ ನಕಲು ಹೊಡೆಯುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಮೊದಲು ಸ್ವಂತದ್ದು, ಆಮೇಲೆ ಸ್ನೇಹಿತರದ್ದು, ಕೊನೆಗೆ ಮೇಷ್ಟ್ರದ್ದು. ಈ ಸರದಿ ತಪ್ಪಬಾರದು. ಕ್ಲಾಸ್‌ರೂಮಿನಲ್ಲಿ ಮಕ್ಕಳ ಫೋನ್ ನಂಬರ್ ಸಹಪಾಠಿಗಳಿಗೆ ಕಾಣುವುದಿಲ್ಲ. ಅದೂ ಒಂದು ನೆಮ್ಮದಿ.

ಇಂಟರ್‌ನೆಟ್ ಇಲ್ಲ ಅನ್ನುವವರಿಗೆ: ಮೂಡಲನ್ನು ಲ್ಯಾಬಿನ ಒಂದೇ ಕಂಪ್ಯೂಟರಿನಲ್ಲಿ ಹಾಕಿ, ಉಳಿದವನ್ನು ಕೇಬಲ್ಲಿನಲ್ಲೋ ವೈಫೈನಲ್ಲೋ ಅದಕ್ಕೆ ಜೋಡಿಸಬಹುದು. ಹೊರಗಿನ ನೆಟ್ ಬೇಡವೇ ಬೇಡ. ಅಂಗೈ ಅಗಲದ ರಾಸ್‌ಬೆರಿ ಪೈ ಕಂಪ್ಯೂಟರಿಗೆ ಅಂತಲೇ ಮೂಡಲ್‌ಬಾಕ್ಸ್ ಅನ್ನುವ ಉಚಿತ ಆವೃತ್ತಿಯೂ ಇದೆ. ಎಲ್ಲರೂ ಒಂದೇ ಪುಟದಲ್ಲಿ ಸೇರಿ ಬರೆಯಲು ಈಥರ್‌ಪ್ಯಾಡ್ ಇದೆ, ಒಬ್ಬೊಬ್ಬರ ಬರಹ ಒಂದೊಂದು ಬಣ್ಣದಲ್ಲಿ ಬರುತ್ತದೆ. ಯಾರು ಎಷ್ಟು ಬರೆದರು ಅಂತ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ಯಾವ ಆಪನ್ನೂ ಶಾಶ್ವತ ಅಂದುಕೊಳ್ಳಬೇಡಿ. ಗೂಗಲ್ ಜಾಮ್‌ಬೋರ್ಡ್ 2024ರ ಡಿಸೆಂಬರ್ 31ಕ್ಕೆ ಮುಚ್ಚಿತು. ಮಕ್ಕಳು ಸಣ್ಣ ಸಣ್ಣ ವಿಡಿಯೋದಲ್ಲಿ ಉತ್ತರ ಕೊಡುತ್ತಿದ್ದ ಫ್ಲಿಪ್ ಕೂಡ ಅದೇ ವರ್ಷ ಪ್ರತ್ಯೇಕ ಆಪ್ ಆಗಿ ನಿಂತುಹೋಯಿತು. ಮಕ್ಕಳು ಬರೆದದ್ದನ್ನು ತಿಂಗಳಿಗೊಮ್ಮೆ ಪಿಡಿಎಫ್ ಮಾಡಿ ಶಾಲೆ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ.

---

ಮೂಡಿಗೆರೆ ಕನ್ನಡ ಮಿಸ್

ಲ್ಯಾಬ್ ಸರ್, ನಿಮ್ಮ ಸರದಿಯ ಮಾತು ನನಗೆ ತುಂಬಾ ಹಿಡಿಸಿತು. ಆದರೆ ನಮ್ಮಲ್ಲಿ ಲ್ಯಾಬ್ ಇದ್ದರೂ ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ನಮ್ಮ ಕೆಲವು ಮಕ್ಕಳು ಸಿಗ್ನಲ್ ಬೇಕು ಅಂದರೆ ಗುಡ್ಡ ಹತ್ತಬೇಕು. ಜುಲೈನಲ್ಲಿ ಯಾವ ಮಗುವಿಗೂ 'ಇವತ್ತು ರಾತ್ರಿಯೊಳಗೆ ಉತ್ತರ ಹಾಕು' ಅನ್ನುವುದು ನ್ಯಾಯ ಅಲ್ಲ. ನಾನು ಒಂದು ಪ್ರಶ್ನೆಗೆ ಒಂದು ವಾರ ಕೊಡುತ್ತೇನೆ. ಫೋನ್ ಇಲ್ಲದವರು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ನಾನು ಅದರ ಫೋಟೋ ತೆಗೆದು ಉಳಿದ ಉತ್ತರಗಳ ಜೊತೆಗೇ ಹಾಕುತ್ತೇನೆ. ಚೀಟಿಗೆ ಬಂದ ಉತ್ತರವನ್ನು ಮತ್ತೆ ಗೋಡೆ ಮೇಲೆ ಬರೆಸುತ್ತೇನೆ. ಚೀಟಿ ಬರೆದವರು ಕಡಿಮೆ ಅಂತ ಯಾರಿಗೂ ಅನಿಸಬಾರದು.

ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ಧ್ವನಿಯ ವಿಷಯ. ನಮ್ಮ ಶಾಲೆಯಲ್ಲಿ ಎಸ್ಟೇಟ್ ಕೆಲಸಕ್ಕೆ ಬಂದವರ ಮಕ್ಕಳು ಬಹಳ. ತಮಿಳು ಮನೆಮಾತಿನವರಿದ್ದಾರೆ, ತುಳುವಿನವರಿದ್ದಾರೆ, ಅಸ್ಸಾಮಿನಿಂದ ಬಂದವರಿದ್ದಾರೆ. ಇವರಿಗೆ ಕನ್ನಡ ಮಾತು ಬರುತ್ತದೆ, ಬರೆಯಲು ಹೆದರಿಕೆ. ಒತ್ತಕ್ಷರ ತಪ್ಪಿದರೆ ನಗುತ್ತಾರೆ ಅಂತ. ಅದಕ್ಕೆ ನಾನು ಒಗಟಿನಿಂದ ಶುರು ಮಾಡಿದೆ. ಮನೆಯಲ್ಲಿ ಹಿರಿಯರನ್ನು ಕೇಳಿ ಒಂದು ಒಗಟು ತರಬೇಕು, ವಾಯ್ಸ್ ಮೆಸೇಜ್ ಹಾಕಬೇಕು. ಉಳಿದವರು ವಾಯ್ಸ್‌ನಲ್ಲೇ ಬಿಡಿಸಬೇಕು. ಉತ್ತರ ಗೊತ್ತಿದ್ದರೂ ನಾನು ಹೇಳುವುದಿಲ್ಲ.

ಒಬ್ಬಳು 'ಕಾಸಿನ ಕುದುರೆಗೆ ಬಾಲದ ಲಗಾಮು' ಅಂತ ಹಾಕಿದಳು. ಎಷ್ಟೋ ಮಕ್ಕಳಿಗೆ ಅದು ಗೊತ್ತಿತ್ತು, ಸೂಜಿ ದಾರ ಅಂತ ತಕ್ಷಣ ಬಂತು. ಆಗ ಕ್ಲಾಸಿನಲ್ಲಿ ಬಾಯೇ ಬಿಡದ ಒಂದು ಹುಡುಗಿ, ತಮಿಳು ಮನೆಯವಳು, ತಮ್ಮ ಅಜ್ಜಿ ಹೇಳುವ ಒಗಟನ್ನು ಮೊದಲು ತಮಿಳಿನಲ್ಲಿ ಹೇಳಿ ಆಮೇಲೆ ಕನ್ನಡದಲ್ಲಿ ಹೇಳಿದಳು. ಹಿಂದೆ ಮಳೆ ಸದ್ದು, ತಮ್ಮನ ಗಲಾಟೆ ಎಲ್ಲ ಕೇಳಿಸುತ್ತಿತ್ತು. ಯಾರಿಗೂ ಬಿಡಿಸಲು ಆಗಲಿಲ್ಲ. ಎರಡು ದಿನ ಇಡೀ ಕ್ಲಾಸ್ ಅವಳ ಹಿಂದೆ ಬಿತ್ತು: 'ಒಂದು ಸುಳಿವು ಕೊಡೇ, ಒಂದೇ ಒಂದು.' ಅವಳು ಒಂದೊಂದೇ ಸುಳಿವು ಕೊಟ್ಟಳು. ಆ ವಾರದಿಂದ ಅವಳು ಕ್ಲಾಸಿನಲ್ಲೂ ಮಾತಾಡುತ್ತಾಳೆ. ಈಗ ಅದೇ ಒಗಟುಗಳನ್ನು ಮಕ್ಕಳು ಗೂಗಲ್ ಡಾಕ್ಸ್‌ನಲ್ಲಿ ಸೇರಿ ಬರೆಯುತ್ತಿದ್ದಾರೆ. ಫೋನಿನ ಜಿಬೋರ್ಡ್ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಆಮೇಲೆ ಅದರ ತಪ್ಪು ತಿದ್ದುತ್ತಾರೆ. ಯಂತ್ರದ ತಪ್ಪು ತಿದ್ದುವಾಗ ಮಕ್ಕಳಿಗೆ ನಾಚಿಕೆ ಇಲ್ಲ, ಖುಷಿಯೇ ಜಾಸ್ತಿ. ಕಾಗುಣಿತ ಅಲ್ಲೇ ಗಟ್ಟಿಯಾಗುತ್ತಿದೆ.

ಕೈ ಮುಗಿದು ಕೇಳುತ್ತೇನೆ, ಎಲ್ಲರ ಮುಂದೆ ಮಗುವಿನ ಕಾಗುಣಿತ ತಿದ್ದಬೇಡಿ. ಒಂದು ಸಲ ತಿದ್ದಿದರೆ ಆ ಮಗು ಅಲ್ಲಿ ಮತ್ತೆ ಬರೆಯುವುದಿಲ್ಲ.

---

ಚಿಕ್ಕಮಗಳೂರು ಪದವಿ ಕಾಲೇಜು

ಮಿಸ್ ಬರೆದದ್ದು ಓದಿ ಸಂತೋಷವಾಯಿತು. ಪದವಿ ಮಟ್ಟದಲ್ಲಿ ಸ್ವಲ್ಪ ಬೇರೆ ತೊಂದರೆ ಇದೆ. ನಮ್ಮ ಹುಡುಗರ ಹತ್ತಿರ ಫೋನ್ ಇದೆ, ಡೇಟಾ ಇದೆ, ಭಾಷೆಯ ಹೆದರಿಕೆಯೂ ಅಷ್ಟಿಲ್ಲ. ಆದರೆ ಗುಂಪಿಗೆ ಕೆಲಸ ಕೊಟ್ಟರೆ ಒಬ್ಬ ಮಾಡುತ್ತಾನೆ, ನಾಲ್ವರು ಹೆಸರು ಹಾಕುತ್ತಾರೆ.

ಇದಕ್ಕೆ ನಾನು ಜಿಗ್ಸಾ ವಿಧಾನ ಹಿಡಿದಿದ್ದೇನೆ. ಮನೋವಿಜ್ಞಾನಿ ಎಲಿಯಟ್ ಅರಾನ್‌ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಶುರು ಮಾಡಿದ್ದು. ಆಗ ತಾನೇ ಬಿಳಿಯರ ಮಕ್ಕಳು, ಕರಿಯರ ಮಕ್ಕಳು ಒಂದೇ ತರಗತಿಗೆ ಬಂದಿದ್ದರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪಕ್ಕದವನನ್ನು ಕೇಳದೆ ಪಾಠ ಪೂರ್ತಿ ಆಗುವುದಿಲ್ಲ. ಸಕಲೇಶಪುರದವರ ಮಳೆ ಶೀಟ್ ಕೂಡ ಅದೇ ಅಲ್ವಾ? ನಾನು ಕಾಫಿ ಬಗ್ಗೆ ಮಾಡಿಸಿದೆ. ಒಬ್ಬರಿಗೆ ಬಾಬಾ ಬುಡನ್‌ಗಿರಿಯ ಏಳು ಬೀಜದ ಐತಿಹ್ಯ, ಒಬ್ಬರಿಗೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ, ಒಬ್ಬರಿಗೆ ಕಾಫಿ ಹೂ ಅರಳಿಸುವ ಮಾರ್ಚ್ ಏಪ್ರಿಲ್‌ನ ಹೂ ಮಳೆ, ಇನ್ನೊಬ್ಬರಿಗೆ ಕೊಯ್ಲಿನ ಕೂಲಿ. ಎಲ್ಲರೂ ಒಂದೇ ಗೂಗಲ್ ಡಾಕ್ಸ್‌ನಲ್ಲಿ ಬರೆಯಬೇಕು, ಬೇರೆಯವರ ಭಾಗಕ್ಕೆ ಕಾಮೆಂಟಿನಲ್ಲಿ ಪ್ರಶ್ನೆ ಹಾಕಬೇಕು. ಯಾರು ಯಾವಾಗ ಏನು ಬರೆದರು ಅನ್ನುವುದು ಆವೃತ್ತಿ ಇತಿಹಾಸದಲ್ಲಿ ಉಳಿಯುತ್ತದೆ. ಹೆಸರು ಹಾಕಿ ತಪ್ಪಿಸಿಕೊಳ್ಳುವುದು ಅಲ್ಲಿಗೆ ನಿಂತಿತು.

ಈ ಕೆಲಸಕ್ಕೆ ನಾನು ಅಂಕ ಕೊಡುತ್ತೇನೆ. ಅಂಕ ಇಲ್ಲದಿದ್ದರೆ ನಮ್ಮ ಹುಡುಗರು ಮುಟ್ಟುವುದೂ ಇಲ್ಲ. ಹೈಸ್ಕೂಲಿನವರೂ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕದಲ್ಲಿ ಸೇರಿಸಿಕೊಳ್ಳಿ ಅಂತ ನನ್ನ ಸಲಹೆ.

---

ಸಕಲೇಶಪುರ ವಿಜ್ಞಾನ

ಸರ್, ಅಂಕದ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ಇಷ್ಟು ಕಾಮೆಂಟಿಗೆ ಇಷ್ಟು ಅಂಕ ಅಂದ ಕೂಡಲೇ 'ಚೆನ್ನಾಗಿ ಬರೆದಿದ್ದೀಯ', 'ಸೂಪರ್' ಅಂತ ಸಾಲು ಬೀಳುತ್ತದೆ. ಅದು ಮಾತಲ್ಲ. ಹೈಸ್ಕೂಲ್ ಮಕ್ಕಳಿಗೆ ಅಂಕಕ್ಕಿಂತ ಸ್ನೇಹಿತ ಓದಿ ಉತ್ತರ ಕೊಟ್ಟ ಅನ್ನುವುದೇ ದೊಡ್ಡದು. ಅಂಕ ಕೊಡಲೇಬೇಕು ಅಂದರೆ ಕೊನೆಗೆ ಒಂದು ಪ್ಯಾರಾ ಬರೆಸಿ: 'ಯಾರ ಮಾತಿನಿಂದ ನಿನ್ನ ಅಭಿಪ್ರಾಯ ಬದಲಾಯಿತು? ಯಾಕೆ?' ಅದಕ್ಕೆ ಅಂಕ ಕೊಡಿ.

ಇನ್ನೊಂದು. ಮಗು ಬರೆದ ಎರಡೇ ನಿಮಿಷಕ್ಕೆ ಮೇಷ್ಟ್ರು ಬಂದು 'ಸರಿಯಾದ ಉತ್ತರ, ಶಭಾಷ್' ಅಂದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಉಳಿದವರು ಯಾಕೆ ಬರೆಯುತ್ತಾರೆ? ಬೈಗುಳ, ಗೇಲಿ ಬಂದರೆ ಮಾತ್ರ ತಕ್ಷಣ ಕೈ ಹಾಕಿ. ಅದರಲ್ಲಿ ಒಂದು ಗಂಟೆಯೂ ತಡ ಮಾಡಬಾರದು.

---

ಚಿಕ್ಕಮಗಳೂರು ಪದವಿ ಕಾಲೇಜು

ಕೊನೆಯ ಪ್ಯಾರಾದ ಮಾತು ಒಳ್ಳೆಯದು, ಈ ಸೆಮಿಸ್ಟರಿನಲ್ಲೇ ಸೇರಿಸುತ್ತೇನೆ. ಆದರೆ ಅಂಕ ಪೂರ್ತಿ ಬಿಡಲಾರೆ. ನಿಮ್ಮ ಮಕ್ಕಳ ವಯಸ್ಸು ಬೇರೆ, ನಮ್ಮವರ ವಯಸ್ಸು ಬೇರೆ.

---

ಕೊಪ್ಪ ನಲಿಕಲಿ

ನಾನು ಒಂದರಿಂದ ಮೂರನೇ ತರಗತಿ ತೆಗೆದುಕೊಳ್ಳುವ ಶಿಕ್ಷಕಿ. ನಿಮ್ಮ ಚರ್ಚೆ ಓದುತ್ತಾ ನನಗೆ ಒಂದು ವಿಷಯ ಹೇಳಲೇಬೇಕು ಅನಿಸಿತು.

ನಮ್ಮ ಮಕ್ಕಳಿಗೆ ಇದು ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ ಕಲಿ ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಮಕ್ಕಳು ಐದು ಗುಂಪಿನಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಸಹಾಯ, ಒಂದಕ್ಕೆ ಸ್ವಲ್ಪ ಸಹಾಯ. ಎರಡು ಗುಂಪುಗಳು ಸಹಪಾಠಿಗಳ ಸಹಾಯದ್ದು. ಕೊನೆಯದು ತಾನೇ ಕಲಿಯುವುದು. ಒಂದನೇ ತರಗತಿಯ ಮಗು ಮೂರನೇ ತರಗತಿಯ ಅಕ್ಕನನ್ನು ಕೇಳಿ ಕಾರ್ಡ್ ಮುಗಿಸುತ್ತದೆ. ಏಳು ವರ್ಷಕ್ಕೇ ಅವರಿಗೆ ಪಕ್ಕದವರಿಂದ ಕಲಿಯುವುದು ಗೊತ್ತು. ನಾಲ್ಕನೇ ತರಗತಿಗೆ ಹೋದ ಮೇಲೆ ಸಾಲಾಗಿ ಕೂರಿಸಿ, ಪಕ್ಕಕ್ಕೆ ತಿರುಗಿದರೆ ಗದರುತ್ತೇವೆ. ಐದಾರು ವರ್ಷ ಹಾಗೆ ಗದರಿ ಒಂಬತ್ತನೇ ತರಗತಿಯಲ್ಲಿ 'ಯಾಕೆ ಮಾತಾಡುವುದಿಲ್ಲ' ಅಂದರೆ ಹೇಗೆ?

ಅದಕ್ಕೆ ಹೈಸ್ಕೂಲಿನವರು ಫೋನಿಗೆ ಹೋಗುವ ಮುಂಚೆ ಕ್ಲಾಸಿನಲ್ಲೇ ಸ್ವಲ್ಪ ದಿನ ಗುಂಪು ಮಾಡಿ ಕೂರಿಸಿ. ಹೇಗೆ ಒಪ್ಪಿಗೆ ಇಲ್ಲ ಅನ್ನಬೇಕು, ಹೇಗೆ ಕೇಳಬೇಕು ಅಂತ ಬಾಯಲ್ಲೇ ಆಡಿಸಿ. 'ನಿನ್ನ ಮಾತು ನನಗೆ ಪೂರ್ತಿ ತಿಳಿಯಲಿಲ್ಲ, ಇನ್ನೊಂದು ಸಲ ಹೇಳ್ತೀಯಾ' ಅನ್ನುವುದನ್ನು ಮಕ್ಕಳಿಗೆ ಹೇಳಿಕೊಡಬೇಕಾಗುತ್ತದೆ. ಎದುರಿಗೆ ಆಡಲು ಬಾರದ ಮಾತು ಫೋನಿನಲ್ಲಿ ತಾನಾಗಿ ಬರುವುದಿಲ್ಲ.

---

ಬೇಲೂರು ಸಮಾಜ ಮೇಷ್ಟ್ರು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮ ಮಾತು ಕೇಳಿ ಮೊದಲು ಮಾಡಿ ನೋಡೋಣ ಅಂತ ಸುಮ್ಮನಿದ್ದೆ.

ಪೋಷಕರ ಸಭೆ ಮಾಡಿದೆವು, ಒಪ್ಪಿಗೆ ತೆಗೆದುಕೊಂಡೆವು. ರಾತ್ರಿ ಒಂಬತ್ತರ ಮೇಲೆ ಯಾರೂ ಬರೆಯಬಾರದು ಅಂತ ಮಕ್ಕಳೇ ನಿಯಮ ಮಾಡಿದರು. ಕೊಪ್ಪದ ಮೇಡಂ ಹೇಳಿದ ಹಾಗೆ ಮೊದಲು ಕ್ಲಾಸಿನಲ್ಲಿ ಗುಂಪು ಮಾಡಿ ಕೂರಿಸಿದೆ. ಆಮೇಲೆ ಗೂಗಲ್ ಕ್ಲಾಸ್‌ರೂಮಿನಲ್ಲಿ ಒಂದು ಪ್ರಶ್ನೆ ಹಾಕಿದೆ: 'ನಿಮ್ಮ ಊರಿನಲ್ಲಿ ಕೆತ್ತನೆ ಇರುವ ಹಳೆಯ ಕಲ್ಲು ಯಾವುದಿದೆ? ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಏನೇನು ಕಾಣುತ್ತದೆ?' ನಮ್ಮ ತಾಲ್ಲೂಕಿನಲ್ಲಿ ವೀರಗಲ್ಲು ಇಲ್ಲದ ಊರು ಹುಡುಕಬೇಕು. ಎಷ್ಟೋ ಕಡೆ ಅದರ ಮೇಲೆ ಬಟ್ಟೆ ಒಗೆಯುತ್ತಾರೆ.

ಏನು ಬಂತು ಅಂತ ನೋಡಿ. ಒಬ್ಬ ಬರೆದ: 'ನಮ್ಮೂರ ಕಲ್ಲಲ್ಲಿ ಕೆಳಗೆ ಹಸುಗಳಿವೆ.' ಇನ್ನೊಬ್ಬ: 'ನಮ್ಮದರಲ್ಲಿ ಹಸು ಇಲ್ಲ, ಕುದುರೆ ಮೇಲೆ ಕೂತವನಿದ್ದಾನೆ.' ಮೂರನೆಯವಳು: 'ನಡುವೆ ಇಬ್ಬರು ಹೆಂಗಸರು ಅವನನ್ನು ಎತ್ತಿಕೊಂಡು ಹೋಗ್ತಿದ್ದಾರೆ. ಎಲ್ಲಿಗೆ?' ಅದಕ್ಕೆ ಮೇಲೆ ಲಿಂಗ ಇದೆ ನೋಡು, ಸ್ವರ್ಗಕ್ಕೆ ಇರಬೇಕು ಅಂತ ಒಬ್ಬ. ಸೂರ್ಯ ಚಂದ್ರ ಎಲ್ಲರ ಕಲ್ಲಿನಲ್ಲೂ ಇತ್ತು. ಯಾಕೆ ಅಂತ ಎರಡು ದಿನ ವಾದ ನಡೆಯಿತು. ಕೊನೆಗೆ ಒಬ್ಬಳು ಅವರ ತಾತನನ್ನು ಕೇಳಿ ಬಂದಳು: ಸೂರ್ಯ ಚಂದ್ರ ಇರುವವರೆಗೂ ಅವನ ಹೆಸರು ಉಳಿಯಲಿ ಅಂತ. ಇಷ್ಟಾಗುವವರೆಗೆ ನಾನು ಒಂದು ಅಕ್ಷರ ಬರೆಯಲಿಲ್ಲ. ಬಹಳ ಕಷ್ಟವಾಯಿತು, ಬೆರಳು ತುಡಿಯುತ್ತಿತ್ತು. ಆಮೇಲೆ ಕ್ಲಾಸಿನಲ್ಲಿ ತುರುಗೋಳ್ ಅಂದರೆ ದನ ಹಿಡಿದುಕೊಂಡು ಹೋಗುವ ಕಾಳಗ, ದನ ಬಿಡಿಸಲು ಹೋಗಿ ಸತ್ತವನಿಗೆ ಹಾಕಿಸಿದ ಕಲ್ಲು ಅದು ಅಂತ ಹೇಳಿದೆ. ಎಲ್ಲರೂ ಕಿವಿ ಕೊಟ್ಟು ಕೇಳಿದರು. ಅವರಿಗೆ ಅದು ಬೇಕಾಗಿತ್ತು.

ನಾನು ನಿರೀಕ್ಷೆ ಮಾಡದೆ ಇದ್ದದ್ದು ಒಂದು ನಡೆಯಿತು. ಹಿಂದಿನ ಬೆಂಚಿನ ಒಂದು ಹುಡುಗಿ ಬೇರೆ ತರಹದ ಕಲ್ಲಿನ ಫೋಟೋ ಹಾಕಿದಳು. ಬಳೆ ತೊಟ್ಟ ಒಂದು ಕೈ ಮೇಲಕ್ಕೆ ಎತ್ತಿದೆ. 'ಇದು ಏನು ಅಂತ ಗೊತ್ತಿಲ್ಲ, ಅಜ್ಜಿ ಮಾಸ್ತಿಕಲ್ಲು ಅಂತಾರೆ' ಅಂತ ಬರೆದಿದ್ದಳು. ಗಂಡನ ಚಿತೆ ಏರಿದವಳ ಕಲ್ಲು ಅಂತ ಇನ್ನೊಬ್ಬಳು ತಿಳಿಸಿದಳು. ಆಮೇಲೆ ಮಾತೆಲ್ಲ ಹೆಣ್ಣುಮಕ್ಕಳದೇ. 'ಅವಳಿಗೆ ಇಷ್ಟ ಇತ್ತಾ?' 'ಇಷ್ಟ ಇಲ್ಲ ಅಂದ್ರೆ ಬಿಡ್ತಿದ್ರಾ?' 'ವೀರಗಲ್ಲಲ್ಲಿ ಅವನ ಮುಖ ಇದೆ, ಇದರಲ್ಲಿ ಅವಳ ಕೈ ಮಾತ್ರ ಯಾಕೆ?' ಈ ಕೊನೆಯ ಪ್ರಶ್ನೆ ಕೇಳಿದವಳು ಮೂರು ವರ್ಷದಲ್ಲಿ ನನ್ನ ಹತ್ತಿರ ಒಂದೂ ಪ್ರಶ್ನೆ ಕೇಳಿದವಳಲ್ಲ. 1829ರಲ್ಲಿ ಬೆಂಟಿಂಕ್ ಸತಿ ಪದ್ಧತಿ ನಿಷೇಧಿಸಿದ ಅನ್ನುವುದನ್ನು ನಾನು ಪ್ರತಿ ವರ್ಷ ಒಂದು ಅಂಕದ ಪ್ರಶ್ನೆಗೆ ಅಂತ ಹೇಳಿಕೊಡುತ್ತೇನೆ. ಈ ವರ್ಷ ಮಕ್ಕಳೇ 'ಆಮೇಲೆ ನಿಂತಿತಾ ಸರ್?' ಅಂತ ಕೇಳಿದರು.

ಈಗ ಅವರು ಎಲ್ಲ ಕಲ್ಲುಗಳ ಒಂದು ನಕ್ಷೆ ಮಾಡುತ್ತಿದ್ದಾರೆ. ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಊರು, ಫೋಟೋ, ನಾಲ್ಕು ಸಾಲು ವಿವರ. 'ನಮ್ಮ ಕಲ್ಲಲ್ಲಿ ಅಕ್ಷರ ಯಾಕಿಲ್ಲ' ಅನ್ನುವ ಪ್ರಶ್ನೆಯೂ ಎದ್ದಿದೆ. ಅದಕ್ಕೆ ಹಲ್ಮಿಡಿಗೆ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೇನೆ. ನಮ್ಮ ತಾಲ್ಲೂಕೇ. ಮೂಲ ಶಾಸನ ಈಗ ಊರಲ್ಲಿಲ್ಲ, ಅದರ ಪ್ರತಿಕೃತಿ ಇದೆ. 16 ಸಾಲಿನ ಆ ಶಾಸನವೂ ಕಾಳಗದಲ್ಲಿ ಹೋರಾಡಿದವನಿಗೆ ಕೊಟ್ಟ ದತ್ತಿಯ ವಿಷಯವೇ ಅಲ್ವಾ, ಮಕ್ಕಳು ತಮ್ಮ ವೀರಗಲ್ಲಿನ ಜೊತೆ ತಾವೇ ಜೋಡಿಸಿಕೊಳ್ಳುತ್ತಾರೆ.

ಎಲ್ಲರೂ ಬರೆದರು ಅಂತ ಹೇಳಲಾರೆ. ಕೆಲವು ಗಂಡುಹುಡುಗರು ಇನ್ನೂ ಓದುತ್ತಾರೆ ಅಷ್ಟೇ. ಅವರಿಗೆ ಫೋಟೋ ತೆಗೆಯುವ ಕೆಲಸ ಕೊಟ್ಟಿದ್ದೇನೆ.

---

ಅರಸೀಕೆರೆ ಪೋಷಕ

ಮೇಷ್ಟ್ರೇ, ರಾತ್ರಿ ಒಂಬತ್ತರ ನಿಯಮ ಮಕ್ಕಳೇ ಮಾಡಿದರು ಅನ್ನುವುದು ಓದಿ ಸಮಾಧಾನವಾಯಿತು. ನಮ್ಮ ಮಗಳಿಗೂ ಓದಿ ಹೇಳಿದೆ. ಅವಳಿಗೆ ಆ ಮಳೆ ಶೀಟ್ ಮೇಲೆ ಕಣ್ಣು. ನಮ್ಮ ಕಡೆ ಮಳೆ ಎಷ್ಟು ಕಮ್ಮಿ ಅಂತ ಘಾಟಿ ಮಕ್ಕಳಿಗೆ ತೋರಿಸಬೇಕಂತೆ. ಅವಳ ವಿಜ್ಞಾನದ ಮೇಡಂ ಒಪ್ಪಿದ್ದಾರೆ. ಸೇರಬಹುದಾ?

---

ಸಕಲೇಶಪುರ ವಿಜ್ಞಾನ

ಖಂಡಿತ ಸೇರಲಿ, ಅರಸೀಕೆರೆಯ ಅಂಕಿ ನಮಗೆ ಬೇಕೇ ಬೇಕು. ಮೇಡಂ ಹತ್ತಿರ ಇಷ್ಟು ಹೇಳಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲ ಇರುವ ಡಬ್ಬ ಬೇಕು. ಸೊಂಟ ಇರುವ ಬಾಟಲಿ ಬೇಡ. ತಳ ಉಬ್ಬಿದ್ದರೆ ಸಮ ಆಗುವವರೆಗೆ ಮೇಣ ಹಾಕಿ. ಮರ, ಸೂರಿನಿಂದ ದೂರ, ಬಯಲಿನಲ್ಲಿ ಇಡಿ. ಡಬ್ಬದ ಅಗಲ ಎಷ್ಟೇ ಇರಲಿ, ನೀರು ಒಂದು ಸೆಂಟಿಮೀಟರ್ ನಿಂತರೆ 10 ಮಿಲಿಮೀಟರ್ ಮಳೆ. ಹವಾಮಾನ ಇಲಾಖೆಯ ಹಾಗೆ ನಾವೂ ಬೆಳಿಗ್ಗೆ 8.30ಕ್ಕೆ ಅಳೆಯುತ್ತೇವೆ, ಅವರೂ ಅದೇ ಹೊತ್ತಿಗೆ ಅಳೆಯಲಿ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು, ಖಾಲಿ ಬಿಡಬಾರದು. ಮಗಳ ನಂಬರ್ ಬೇಡ, ಶಾಲೆಯ ಇಮೇಲ್ ವಿಳಾಸವನ್ನು ಮೇಡಂ ನನಗೆ ಇಲ್ಲಿಯೇ ಖಾಸಗಿ ಸಂದೇಶದಲ್ಲಿ ಕಳಿಸಲಿ, ಸೋಮವಾರ ಲಿಂಕ್ ಕೊಡುತ್ತೇನೆ.